ಕೆರಿಯಪ್ಪನ ಜೊತೆ ಬಿಟ್ಟ ಕವಳ

ಮನಸ್ಸು ಮಾಡಿದರೆ ಬಿಡಬಹುದು ಎಂದು ನನಗೆ ಹೇಳದವರು ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರೂ ಉಳಿದಿಲ್ಲ. ಡಾಕ್ಟರು ಹೇಳಿದರು, ಹೆಂಡತಿ ಹೇಳಿದಳು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವ ರಿಟೈರ್ಡ್ ಮೇಷ್ಟರೂ ಹೇಳಿದರು. ಹೇಳುವಾಗ ಅವರ ಬಾಯಲ್ಲೂ ಎಲೆ ಅಡಿಕೆಯ ಕವಳ ಇತ್ತು. ಮನಸ್ಸು ಮಾಡುವುದು ಕಡುಬು ಮಾಡಿದಷ್ಟು ಸಲೀಸಾಗಿದ್ದರೆ ನಾನೂ ಒಂದು ದಿನ ಬೆಳಿಗ್ಗೆ ಎದ್ದು ಮಾಡಿ ಮುಗಿಸುತ್ತಿದ್ದೆ. ನಾನು ಹೊಗೆಸೊಪ್ಪು ಬಿಟ್ಟೆ, ಕವಳವನ್ನೇ ಬಿಟ್ಟೆ, ಅದು ನಿಜ. ಆದರೆ ಯಾವುದನ್ನು ನಂಬಿಕೊಂಡು ಬಿಟ್ಟೆನೋ ಅದು ಸುಳ್ಳಾಗಿತ್ತು. ನನ್ನ ಕಾಯಿಲೆಯೇ ಬಂದು, ಯಾರಿಗೂ ಹೇಳದೆ ಊಟದ ತಟ್ಟೆಯ ಮುಂದೆ ಒದ್ದಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರು ಓದಲಿ ಎಂದು ಬರೆಯುತ್ತಿದ್ದೇನೆ. ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ಪರಶುರಾಮ, ಪ್ರೈವೇಟ್ ಬಸ್ಸಿನ ಡ್ರೈವರ್. ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಕಂಡಕ್ಟರ್ ಕೆರಿಯಪ್ಪ. ಅವನ ಊರು ನಿಟ್ಟೂರಿನ ಹತ್ತಿರ, ಕೆಲಸಕ್ಕಾಗಿ ಸಾಗರದಲ್ಲಿ ರೂಮು ಮಾಡಿಕೊಂಡಿದ್ದಾನೆ. ಬಸ್ಸು ಬದಲಾಯಿತು, ಓನರ್ ಬದಲಾದ, ನಾವಿಬ್ಬರು ಮಾತ್ರ ಬದಲಾಗಲಿಲ್ಲ. ನಮ್ಮ ಸ್ನೇಹವೆಲ್ಲ ಕವಳದ ಮೇಲೇ ನಿಂತದ್ದು ಎಂದರೆ ತಪ್ಪಿಲ್ಲ. ನಾನು ಸ್ಟೇರಿಂಗ್ ಬಿಟ್ಟು ಎಲೆಗೆ ಸುಣ್ಣ ಹಚ್ಚಲಿಕ್ಕೆ ಆಗುವುದಿಲ್ಲವಲ್ಲ. ಅವನು ಟಿಕೆಟ್ ಹರಿದು ಮುಗಿಸಿ, ನನ್ನ ಹಿಂದಿನ ಸೀಟಿನಲ್ಲಿ ಕೂತು ತನ್ನ ಸಂಚಿ ಬಿಚ್ಚಿ, ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಹೊಗೆಸೊಪ್ಪು ಇಟ್ಟು ಮಡಚುತ್ತಿದ್ದ. ನಾನು ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಹಿಂದಕ್ಕೆ ಚಾಚುತ್ತಿದ್ದೆ. ಕವಳ ಬಂದು ಅಂಗೈಮೇಲೆ ಕೂರುತ್ತಿತ್ತು. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟದ್ದು ಒಂದು ಸಲವೂ ಇಲ್ಲ. ಹೆಂಡತಿ ಸರೋಜ ಮಾಡಿದ ಸಾರಿಗೆ ಉಪ್ಪು ಹೆಚ್ಚಾದದ್ದುಂಟು, ಕೆರಿಯಪ್ಪನ ಕವಳಕ್ಕೆ ಸುಣ್ಣ ಹೆಚ್ಚಾದದ್ದಿಲ್ಲ. ಇದನ್ನು ಮನೆಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ಕಾಯಿಲೆ ಗೊತ್ತಾದದ್ದು ಹೊಸನಗರದ ಶಾರದಕ್ಕನ ಹೋಟೆಲಿನಲ್ಲಿ. ಅಲ್ಲಿ ನಮಗೆ ದಿನಾ ತಿಂಡಿ. ಮೊದಲು ಚಟ್ನಿ ತಾಗಿದರೆ ಉರಿ. ನಾನು ಶಾರದಕ್ಕನ ಮೇಲೆ ಹಾರಾಡಿದೆ, ಇಡೀ ಮೆಣಸಿನಕಾಯಿ ಗಿಡವನ್ನೇ ರುಬ್ಬಿದ್ದೀಯಾ ಎಂದು. ಪಕ್ಕದಲ್ಲಿದ್ದವರೆಲ್ಲ ಅದೇ ಚಟ್ನಿ ತಿನ್ನುತ್ತಿದ್ದರು. ಆಮೇಲೆ ಬನ್ಸ್ ಕಚ್ಚಲಿಕ್ಕೆ ಹೋದರೆ ಬಾಯಿ ಅಷ್ಟು ತೆರೆಯಲಿಲ್ಲ. ಚೂರು ಚೂರು ಮುರಿದು ಹಾಕಿಕೊಂಡೆ. ಮನೆಯಲ್ಲೂ ಹಾಗೇ ರೊಟ್ಟಿಯನ್ನು ಚಿಂದಿ ಮಾಡಿಕೊಂಡು ತಿನ್ನುವುದನ್ನು ಸರೋಜ ಕೆಲವು ದಿನ ಸುಮ್ಮನೆ ನೋಡಿದಳು. ಒಂದು ದಿನ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಬಾಯಿ ತೆರೀರಿ ನೋಡೋಣ," ಅಂದಳು. ತೆರೆದೆ. "ಪೂರ್ತಿ ತೆರೀರಿ," ಅಂದಳು. "ಇದೇ ಪೂರ್ತಿ ಮಾರಾಯ್ತಿ," ಅಂದೆ. ಮರುದಿನ ಬಸ್ಸಿಗೆ ಬದಲಿ ಡ್ರೈವರನ್ನು ಅವಳೇ ಫೋನ್ ಮಾಡಿ ಗೊತ್ತುಮಾಡಿದ್ದಳು.

ಸಾಗರದ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕಾಯುವ ಜಾಗ ಎಂದರೆ ಒಂದು ಉದ್ದ ಬೆಂಚು. ಗೋಡೆಯ ಮೇಲೆ ಕಣ್ಣು ಮೂಗು ಇರುವ ಒಂದು ಹಲ್ಲಿನ ಚಿತ್ರ, ಅದು ನಗುತ್ತಿತ್ತು. ನಮ್ಮ ಬೆಂಚಿನಲ್ಲಿ ಯಾರೂ ನಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಸೊಂಟದಲ್ಲಿ ಎಲೆ ಸಂಚಿ ಕಾಣುತ್ತಿತ್ತು. ನಮ್ಮಿಬ್ಬರ ಕಣ್ಣು ಸೇರಿತು, ಇಬ್ಬರೂ ಬೇರೆ ಕಡೆ ನೋಡಿದೆವು. ಒಳಗೆ ಹೋದಾಗ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಆಮೇಲೆ, "ನಿಮ್ಮ ಬೆರಳನ್ನ ನಿಲ್ಲಿಸಿ ಬಾಯೊಳಗೆ ಇಟ್ಕೊಳ್ಳಿ, ಒಂದರ ಮೇಲೊಂದು. ಮೂರು ಹೋಗ್ಬೇಕು," ಅಂದರು. ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ನನ್ನದೇ ಬೆರಳು, ನನ್ನದೇ ಬಾಯಿ, ಒಂದಕ್ಕೊಂದು ಆಗುವುದಿಲ್ಲ ಎನ್ನುತ್ತಿವೆ. ಅಲ್ಲೇ ಬೆವರಿದೆ.

ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗಿದೆ, ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಇಂಜೆಕ್ಷನ್ನು ವ್ಯಾಯಾಮ ಎಲ್ಲ ಮಾಡಿದರೆ ಸ್ವಲ್ಪ ಸಡಿಲವಾಗುತ್ತದೆ, ತಿನ್ನುವುದು ಬಿಡದಿದ್ದರೆ ಕ್ಯಾನ್ಸರ್ ಕಡೆಗೆ ತಿರುಗಬಹುದು ಎಂದು ಹೇಳಿದರು. ಆ ಒಂದು ಪದ ಹೇಳುವಾಗ ಅವರು ನನ್ನನ್ನು ಬಿಟ್ಟು ಸರೋಜಳನ್ನು ನೋಡಿದರು. "ಹೊಗೆಸೊಪ್ಪು ಒಂದೇ ಅಲ್ಲ, ಅಡಿಕೆಯೂ ಬಿಡ್ಬೇಕು," ಅಂದರು. "ಅಡಿಕೆಯಿಂದ ಕಾಯಿಲೆ ಅಂತ ನಮ್ಮ ಕಡೆ ಹೇಳಿದ್ರೆ ಯಾರ ಮನೇಲೂ ನೀರು ಕೊಡಲ್ಲ ಮೇಡಂ," ಅಂದೆ. ಅವರು ನಕ್ಕು, "ನನ್ನ ತವರಲ್ಲೂ ಅಡಿಕೆ ತೋಟವೇ ಪರಶುರಾಮ್ ಅವ್ರೇ. ಮನಸ್ಸು ಮಾಡಿ," ಅಂದರು. ಆ ಮಾತು ನಾನು ಮೊದಲು ಕೇಳಿದ್ದು ಅಲ್ಲಿಯೇ.

ಸರೋಜ ದಾರಿಯುದ್ದಕ್ಕೂ ಅಳಲಿಲ್ಲ. ಮನೆಗೆ ಬಂದವಳು ಮಸಾಲೆ ಡಬ್ಬಿಯಿಂದ ಖಾರದ ಪುಡಿ ತೆಗೆದು ಅಟ್ಟಕ್ಕೆ ಹಾಕಿದಳು. ಅವತ್ತಿನಿಂದ ಮನೆಮಂದಿಯೆಲ್ಲ ಸಪ್ಪೆ ಊಟ. ನನಗೆ ಬೇರೆ ಮಾಡಿ ತಾವು ಬೇರೆ ತಿನ್ನಬಹುದಿತ್ತು, ಒಬ್ಬರೂ ಹಾಗೆ ಮಾಡಲಿಲ್ಲ. ಇಷ್ಟಾದ ಮೇಲಾದರೂ ನಾನು ಬಿಡಬೇಕಿತ್ತಲ್ಲವೇ? ಬಿಡಲು ಆಗಲಿಲ್ಲ. ಹೆಂಡತಿಯ ಮುಖ ನೆನಪು ಮಾಡಿಕೊಂಡೆ, ಮದುವೆಯ ವಯಸ್ಸಿಗೆ ಬಂದ ಮಗಳನ್ನು ನೆನಪು ಮಾಡಿಕೊಂಡೆ, ಕ್ಯಾನ್ಸರ್ ಎಂಬ ಪದವನ್ನೂ ನೆನಪು ಮಾಡಿಕೊಂಡೆ. ಸಾಗರದ ಸ್ಟ್ಯಾಂಡಿನಿಂದ ಬಸ್ಸು ಹೊರಗೆ ಬಂದರೆ ಸಾಕು, ಎಡಗೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಕೆರಿಯಪ್ಪ ಕೊಡದೆ ಸುಮ್ಮನಿದ್ದರೆ ಕೈ ಅಲ್ಲೇ ಗಾಳಿಯಲ್ಲಿ ಇರುತ್ತಿತ್ತು. ಕೊನೆಗೆ ಪಾಪ ಎನಿಸಿ ಅವನೇ ಒಂದು ಸಣ್ಣದು ಮಡಚಿ ಇಡುತ್ತಿದ್ದ.

ಸಾಗರ ಹೊಸನಗರದ ನಡುವೆ ರಸ್ತೆಯ ಪಕ್ಕದಲ್ಲಿ ಒಂದು ಚೌಡಮ್ಮನ ಕಲ್ಲಿದೆ. ಆ ದಾರಿಯ ಬಸ್ಸು ಲಾರಿಯವರೆಲ್ಲ ಮೊದಲ ಟ್ರಿಪ್ಪಿನಲ್ಲಿ ಅಲ್ಲಿ ನಿಲ್ಲಿಸಿ ಊದುಬತ್ತಿ ಹಚ್ಚಿ ಮುಂದೆ ಹೋಗುವುದು ರೂಢಿ. ನಮ್ಮ ಚೌಡಿ ಬಹಳ ಖಡಕ್ಕು. ಅವಳ ಮುಂದೆ ಹೇಳಿಕೊಂಡದ್ದನ್ನು ತಪ್ಪಿದರೆ ಆ ದಾರಿಯಲ್ಲಿ ಗಾಡಿ ಹೊಡೆಯುವ ಧೈರ್ಯ ಯಾರಿಗೂ ಇಲ್ಲ. ಇನ್ನೊಂದು ಕಟ್ಟುಪಾಡೂ ಇದೆ. ಅಲ್ಲಿ ಹೇಳಿಕೊಳ್ಳುವುದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಏನು ಹೇಳಿಕೊಂಡೆ ಎಂದು ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಹೇಳಿದರೆ ಹರಕೆ ಫಲಿಸುವುದಿಲ್ಲ. ಇದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ, ಹುಟ್ಟಿದಾಗಿನಿಂದ ಗೊತ್ತು.

ಒಂದು ಬೆಳಿಗ್ಗೆ ಅಲ್ಲಿ ಬಸ್ಸು ನಿಲ್ಲಿಸಿದಾಗ, ದಿನಾ ಊದುಬತ್ತಿ ಹಚ್ಚಲು ತಾನೊಬ್ಬನೇ ಇಳಿಯುವ ಕೆರಿಯಪ್ಪ ಇಳಿಯಲಿಲ್ಲ. "ಪರಶು, ನೀನೂ ಇಳಿ," ಅಂದ. ಇಬ್ಬರೂ ಕಲ್ಲಿನ ಮುಂದೆ ನಿಂತೆವು. ಅವನು ಅಂಗಿಯ ಒಳಗಿಂದ ಸಂಚಿ ತೆಗೆದ.

"ನೋಡು ಮಾರಾಯ, ಒಬ್ಬನ ಹತ್ರ ಆಗೋ ಕೆಲಸ ಅಲ್ಲ ಇದು. ಜೊತೆಗೇ ಬಿಡೋಣ," ಅಂದ.

"ನಿಂಗೆಂತ ಆಗಿದೆ? ನಿನ್ನ ಬಾಯಿ ಸರಿ ಇದೆಯಲ್ಲ."

"ನಾನು ತಿಂತಾ ಇದ್ರೆ ನೀನು ಬಿಡ್ತೀಯಾ? ಸುಮ್ನೆ ಕಣ್ಮುಚ್ಚು."

ಸಂಚಿಯನ್ನು ಸುಣ್ಣದ ಡಬ್ಬಿ ಸಮೇತ ಕಲ್ಲಿನ ಹಿಂದಿನ ಪೊದೆಗೆ ಎಸೆದ. ಕಣ್ಣು ಮುಚ್ಚಿ, ಇನ್ನು ಕವಳ ಮುಟ್ಟುವುದಿಲ್ಲ ಅಮ್ಮಾ ಎಂದು ಹೇಳಿಕೊಂಡೆ. ಕಣ್ಣು ಬಿಟ್ಟಾಗ ಅವನು ಇನ್ನೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ನನಗಿಂತ ಹೆಚ್ಚು ಹೊತ್ತು ಹೇಳಿಕೊಂಡ. ಏನು ಎಂದು ನಾನು ಕೇಳಲಿಲ್ಲ.

ಬಿಡುವಾಗ ಆದದ್ದನ್ನು ಏನು ಹೇಳಲಿ. ತಲೆನೋವು, ನಿದ್ದೆ ಇಲ್ಲ, ಎದುರು ಬರುವ ಬೈಕಿನವರನ್ನೆಲ್ಲ ಬೈಯುವುದು. ಊಟವಾದ ಮೇಲಿನ ಗಳಿಗೆ ಎಲ್ಲಕ್ಕಿಂತ ಕಷ್ಟ. ಬಾಯಿ ಏನೋ ಒಂದನ್ನು ಕೇಳುತ್ತಲೇ ಇರುತ್ತದೆ. ಕೈ ಹಿಂದಕ್ಕೆ ಚಾಚಿದರೆ ಕೆರಿಯಪ್ಪ ಉಪ್ಪು ಹಾಕಿ ಒಣಗಿಸಿದ ನೆಲ್ಲಿಚೂರು ಇಡುತ್ತಿದ್ದ. ಅದನ್ನು ಅವನೇ ನಿಟ್ಟೂರಿನಿಂದ ತರುತ್ತಿದ್ದ. ಕೆಲವು ದಿನ ಹೋದಮೇಲೆ, "ನಿನ್ನ ಹಿಂದೆ ಕೂತ್ರೆ ಕೈ ಸಂಚಿ ಹುಡುಕ್ತದೆ ಮಾರಾಯ," ಎಂದು ನೆಲ್ಲಿಚೂರಿನ ಡಬ್ಬಿಯನ್ನು ನನ್ನ ಪಕ್ಕ ಇಟ್ಟು ತಾನು ಹಿಂದಿನ ಬಾಗಿಲಿಗೆ ಹೋಗಿ ಕೂತ. ಮೊದಲು "ರೈಟ್" ಎಂದು ಅವನು ಕೂಗಿದರೆ ಮುಂದಿನ ಸ್ಟಾಪಿನವರಿಗೂ ಕೇಳಬೇಕು. ಈಗ ಕೂಗುವುದು ಬಿಟ್ಟು ಬಸ್ಸಿನ ಮೈಗೆ ಎರಡು ಪೆಟ್ಟು ಹೊಡೆಯುವುದಕ್ಕೆ ಶುರುಮಾಡಿದ. ಪಾಪ, ನನ್ನ ಹಾಗೆ ಅವನಿಗೂ ಬೇಜಾರು, ಮಾತು ಬೇಡವಾಗಿದೆ ಎಂದುಕೊಂಡೆ. ಬಸ್ಸು ತೊಳೆಯುವುದನ್ನೂ ಅವನೇ ವಹಿಸಿಕೊಂಡ. ನಾನು ಬರುವಷ್ಟರಲ್ಲಿ ತೊಳೆದು ಮುಗಿದಿರುತ್ತಿತ್ತು. "ನೀನು ಆಸ್ಪತ್ರೆ ಓಡಾಟದವ, ಸುಮ್ನಿರು," ಅನ್ನುತ್ತಿದ್ದ.

ನನ್ನನ್ನು ತಡೆದು ನಿಲ್ಲಿಸಿದ್ದು ಏನು ಎಂದು ಯಾರಾದರೂ ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ. ಜೀವದ ಆಸೆಯಲ್ಲ, ಹೆಂಡತಿ ಮಕ್ಕಳ ಪ್ರೀತಿಯೂ ಅಲ್ಲ. ಬಾಯಿ ಸರಿಯಿದ್ದ ಕೆರಿಯಪ್ಪ ನನಗೋಸ್ಕರ ಬಿಟ್ಟು ಕೂತಿದ್ದಾನೆ, ಕಾಯಿಲೆಯವನು ನಾನು ಬಿಡದೆ ಹೋದರೆ ಅವನ ಮುಖ ಹೇಗೆ ನೋಡಲಿ ಎಂಬ ಒಂದೇ ಯೋಚನೆ. ತೀರ್ಥಹಳ್ಳಿ ಸ್ಟ್ಯಾಂಡಿನ ಬೀಡಾ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಾಗಲೆಲ್ಲ ಬಸ್ಸಿನ ಕಡೆ ತಿರುಗಿ ನೋಡುತ್ತಿದ್ದೆ. ಅವನು ಹಿಂದಿನ ಬಾಗಿಲಲ್ಲಿ ಕೂತು ಬ್ಯಾಗು ಸರಿಮಾಡುತ್ತಿರುತ್ತಿದ್ದ. ಅವನಿಗೆ ಆಗುತ್ತದೆ ಎಂದರೆ ನನಗೂ ಆಗಬೇಕು ಎಂದುಕೊಂಡು ವಾಪಸ್ಸು ಬರುತ್ತಿದ್ದೆ.

ಡಾಕ್ಟರಮ್ಮ ಕೆನ್ನೆಯ ಒಳಗೆ ಇಂಜೆಕ್ಷನ್ ಕೊಡುತ್ತಿದ್ದರು. ಕೊಡುವ ಮೊದಲು ಪ್ರತಿ ಸಲವೂ "ಸಾರಿ" ಅನ್ನುತ್ತಿದ್ದರು, ಆ ಒಂದು ಮಾತಿನಿಂದ ಅರ್ಧ ನೋವು ಕಡಿಮೆಯಾಗುತ್ತಿತ್ತು. ವ್ಯಾಯಾಮಕ್ಕೆಂದು ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು ಕೊಟ್ಟಿದ್ದರು. ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಕೂರಬೇಕು, ಸ್ವಲ್ಪ ಸಡಿಲ ಅನಿಸಿದಾಗ ನಡುವೆ ಇನ್ನೊಂದು ತೂರಿಸಬೇಕು. ಕಣ್ಣಲ್ಲಿ ನೀರು ಬರುತ್ತದೆ, ಜೊಲ್ಲು ಸುರಿಯುತ್ತದೆ. ತೀರ್ಥಹಳ್ಳಿಯಲ್ಲಿ ಬಸ್ಸು ಖಾಲಿಯಾದ ಮೇಲೆ ನಾನು ಕಡ್ಡಿ ಕಚ್ಚಿಕೊಂಡು ಕೂತರೆ ಕೆರಿಯಪ್ಪ ಹೊರಗೆ ನಿಂತು ಯಾರೂ ಇಣುಕದ ಹಾಗೆ ನೋಡಿಕೊಳ್ಳುತ್ತಿದ್ದ. ಒಂದು ಕಡ್ಡಿ ಹೆಚ್ಚಾದ ದಿನ ನಾನು ಹಾರನ್ ಹೊಡೆಯುತ್ತಿದ್ದೆ, ಅವನು ಹೊರಗಿನಿಂದ ಬಸ್ಸಿಗೆ ಗುದ್ದುತ್ತಿದ್ದ.

ಎರಡನೆಯ ಬೆರಳು ಆರಾಮಾಗಿ ಹೋಗುವಷ್ಟು ಬಾಯಿ ಬಿಟ್ಟ ಮೇಲೆ, ಒಂದು ರಜೆಯ ದಿನ ಕೆರಿಯಪ್ಪ ಆ ಚೌಡಮ್ಮನಿಗೆ ಹುಂಜ ಕೊಟ್ಟ. ನಮ್ಮನ್ನೂ ಕರೆದ. ಚೌಡಿಗೆ ಕೊಟ್ಟದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ, ಅಲ್ಲೇ ಮರದ ಕೆಳಗೆ ಒಲೆ ಹೂಡಿ ಅಡಿಗೆ ಮಾಡಿ ಉಂಡು ಮುಗಿಸಬೇಕು. ನನಗೆ ಖಾರ ಹಾಕದೆ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿದ್ದ. "ಎಂತದೋ ಹರಕೆ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. "ಇತ್ತು ಒಂದು. ತೀರ್ತು," ಅಂದ. ನಾನು ಕೋಳಿಕಾಲನ್ನು ಕೈಯಲ್ಲಿ ಹಿಡಿದು ಕಚ್ಚಿ ತಿನ್ನುವುದನ್ನು ಅವನು ತನ್ನ ಊಟದ ಎಲೆ ಮರೆತು ನೋಡುತ್ತಿದ್ದ. ಸರೋಜ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹೊಗೆ ಕಣ್ಣಿಗೆ ಹೋಯಿತು ಎಂದಳು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಬೇಸಿಗೆ. ಹೊಸನಗರ ಬಿಟ್ಟು ಸ್ವಲ್ಪ ದೂರ ಹೋಗಿರಬಹುದು, ಹಿಂದಿನ ಟೈರಿನ ಸದ್ದು ಬದಲಾಯಿತು. ಪಕ್ಕಕ್ಕೆ ನಿಲ್ಲಿಸಿ, ನನ್ನ ಬಾಗಿಲಿಂದ ಹಾರಿ ಬಸ್ಸಿನ ಹಿಂದಿನಿಂದ ಸುತ್ತಿ ಆಚೆ ಬಂದೆ. ನಾನು ಅಷ್ಟು ಬೇಗ ಅಲ್ಲಿಗೆ ಬರುತ್ತೇನೆಂದು ಕೆರಿಯಪ್ಪ ಎಣಿಸಿರಲಿಲ್ಲ. ಬಾಗಿಲ ಕಂಬಿ ಹಿಡಿದು ಹೊರಗೆ ಬಾಗಿದ್ದ. "ಯಾವ ಟೈರೋ?" ಎಂದು ಕೇಳಿದೆ. ಅವನು ಗದ್ದ ಮೇಲೆತ್ತಿ "ಉಂ ಉಂ" ಎಂದು ಕೈ ತೋರಿಸಿದ. ಗದ್ದ ಮೇಲೆತ್ತಿ, ತುಟಿ ಬಿಗಿದು, ಮೂಗಿನಲ್ಲಿ ಮಾತಾಡುವುದು ಯಾವಾಗ ಎಂದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಬಾಗಿಲ ಕೆಳಗೆ ಬಸ್ಸಿನ ಮೈಮೇಲೆ ಕೆಂಪು ನೀರು ಇಳಿಯುತ್ತಿತ್ತು. ಹಸಿಯದರ ಕೆಳಗೆ ಒಣಗಿದ್ದೂ ಇತ್ತು.

"ಬಾಯಲ್ಲಿ ಎಂತದೋ ಅದು?" ಅಂದೆ.

ಅವನು ನುಂಗಿದ. ಹೊಗೆಸೊಪ್ಪಿನ ರಸವನ್ನು ಎಲೆ ಸಮೇತ ನುಂಗಿದ. "ಎಂತದೂ ಇಲ್ಲ," ಅಂದ. ಹಲ್ಲೆಲ್ಲ ಕೆಂಪು. ಅಷ್ಟರಲ್ಲಿ ಬಿಕ್ಕಳಿಕೆ ಹಿಡಿಯಿತು. ನನ್ನ ಮುಂದೆ ನಿಂತು ಬಿಕ್ಕುತ್ತಿದ್ದಾನೆ, ಬೆವರುತ್ತಿದ್ದಾನೆ. ಗಾಳಿಗೆ ಇಳಿದು ನಿಂತಿದ್ದ ಮುದುಕಿಯೊಬ್ಬಳು, "ಅವ್ನು ದಿನಾ ತಿಂತಾನಲ ತಮ್ಮಾ. ನಿಂಗೆ ಗೊತ್ತಿರ್ಲಿಲ್ವಾ?" ಅಂದಳು. ಇಬ್ಬರು ಮೂವರು ನಕ್ಕರು.

ದಿನಾ. ಆ ಪದ ನನ್ನನ್ನು ಅಲ್ಲೇ ಕೂರಿಸಿತು. ಆ ಕೆಂಪು ಗೆರೆಯನ್ನು ನಾನು ಮೊದಲೂ ನೋಡಿದ್ದೆ. ಪ್ಯಾಸೆಂಜರುಗಳು ಉಗುಳಿದ್ದು ಎಂದುಕೊಂಡಿದ್ದೆ. "ಯಾರ್ರೀ ಬಸ್ಸಿನ ಮೇಲೆ ಉಗುಳೋದು, ಮರ್ಯಾದೆ ಇಲ್ವಾ?" ಎಂದು ಕೆರಿಯಪ್ಪನೇ ಎಲ್ಲರಿಗೂ ಕೇಳುವ ಹಾಗೆ ಬೈದದ್ದೂ ಉಂಟು. ಹಿಂದಿನ ಬಾಗಿಲಿಗೆ ಹೋಗಿ ಕೂತದ್ದು ಯಾಕೆ, "ರೈಟ್" ಎಂದು ಕೂಗುವುದು ಬಿಟ್ಟದ್ದು ಯಾಕೆ, ಬೆಳಿಗ್ಗೆ ನನಗಿಂತ ಮುಂಚೆ ಬಂದು ಬಸ್ಸು ತೊಳೆದದ್ದು ಯಾಕೆ, ಎಲ್ಲ ಒಂದೊಂದಾಗಿ ತಲೆಗೆ ಬಂತು. ಟೈರು ಬದಲಿಸುವಾಗ ಅವನು ಜಾಕಿ ಎತ್ತುತ್ತ ಬಿಕ್ಕುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ.

ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಜನ ಇಳಿದ ಮೇಲೆ ಹಿಡಿದುಕೊಂಡೆ.

"ಅಮ್ಮನ ಎದುರು ನಿಂತು ಸುಳ್ಳು ಹೇಳಿದ್ಯಲ್ಲೋ ಕೆರಿಯಾ."

"ಅಮ್ಮನಿಗೆ ನಾನು ಸುಳ್ಳು ಹೇಳ್ಲಿಲ್ಲ," ಅಂದ. "ನಂದು ಎಂತದೂ ಹೇಳ್ಲೇ ಇಲ್ಲ. ಪರಶು ಬಿಟ್ಟು ಅವನ ಬಾಯಿ ತೆರೆದ್ರೆ ಒಂದು ಹುಂಜ ಕೊಡ್ತೀನಿ ಅಂದೆ. ಕೊಟ್ಟೆ. ನೀನೇ ತಿಂದ್ಯಲ್ಲ."

"ಸಂಚಿ ಎಸೆದ್ಯಲ್ಲ?"

"ಅದು ಹಳೇದಾಗಿತ್ತು."

ಎರಡು ಬಿಗಿಯೋಣ ಅನಿಸಿತು. ಕೈ ಎತ್ತಿದ್ದೂ ನಿಜ. ಅವನು ತಪ್ಪಿಸಿಕೊಳ್ಳದೆ ನಿಂತದ್ದರಿಂದ ಕೈ ಇಳಿಯಿತು. ಚೌಡಿಗೆ ಸುಳ್ಳು ಹೇಳಲಿಕ್ಕೆ ಹೆದರಿದವನು ನನಗೆ ಹೇಳಲಿಕ್ಕೆ ಹೆದರಲಿಲ್ಲ. ಮಾತಾಡದ ಕಲ್ಲಿಗೆ ಇಟ್ಟ ಮರ್ಯಾದೆಯನ್ನು, ಹೆಗಲಿಗೆ ಹೆಗಲು ಕೊಟ್ಟು ದುಡಿದ ನನಗೆ ಇಡಲಿಲ್ಲ. ನಾನು ನೆಲ್ಲಿಚೂರು ಚೀಪುತ್ತ ನರಳುತ್ತಿದ್ದಾಗ ಅವನು ಹಿಂದೆ ಕೂತು ಆರಾಮಾಗಿ ಜಗಿಯುತ್ತಿದ್ದ. ಜೊತೆಗೆ ನಡೆಯುತ್ತಿದ್ದಾನೆ ಎಂದುಕೊಂಡಿದ್ದ ದಾರಿಯಲ್ಲಿ ನಾನು ಒಬ್ಬನೇ ಇದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೇರ ಬೀಡಾ ಅಂಗಡಿಗೆ ಹೋದೆ. "ಒಂದು ಕವಳ ಹಾಕು. ಹೊಗೆಸೊಪ್ಪು ಜಾಸ್ತಿ," ಅಂದೆ. ಕಟ್ಟಿ ಕೊಟ್ಟ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತೆ. ವಾಸನೆಗೇ ಬಾಯಲ್ಲಿ ನೀರು ಬಂತು. ಅವನೇ ಬಿಡಲಿಲ್ಲ ಎಂದ ಮೇಲೆ ನಾನು ಯಾರಿಗೆ ಬಿಡಬೇಕು, ಯಾರ ಮುಖ ನೋಡಲು ನಾಚಬೇಕು? ಆ ಸಿಟ್ಟಿನಲ್ಲಿ ಚೌಡಿಯ ಹೆದರಿಕೆಯೂ ನೆನಪಿಗೆ ಬರಲಿಲ್ಲ. ನನ್ನನ್ನು ಕಟ್ಟಿ ಹಾಕಿದ್ದ ಹಗ್ಗವೇ ಇಲ್ಲ. ಇಲ್ಲದ ಹಗ್ಗಕ್ಕೆ ಇಷ್ಟು ದಿನ ಕಟ್ಟಿಸಿಕೊಂಡು ನಿಂತಿದ್ದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಎಲೆಯನ್ನು ತುಟಿಯವರೆಗೆ ತಂದೆ. ಬಾಯಿ ತೆರೆಯಿತು. ಸಲೀಸಾಗಿ, ಅಗಲವಾಗಿ ತೆರೆಯಿತು. ಎದುರಿನ ಕನ್ನಡಿಯಲ್ಲಿ ಅದನ್ನು ನೋಡಿ ಕೈ ನಿಂತಿತು. ಇನ್ನೊಂದು ಕೈಯ ಬೆರಳುಗಳನ್ನು ನಿಲ್ಲಿಸಿ ಒಳಗಿಟ್ಟೆ. ಎರಡು ಹೋಗಿ ಮೂರನೆಯದರ ತುದಿಯೂ ಹೋಯಿತು. ಕೆರಿಯಪ್ಪನ ಮಾತು ಸುಳ್ಳು, ಆ ಸಂಚಿ ಸುಳ್ಳು. ಬಾಯೊಳಗೆ ಹೋದ ಬೆರಳು ಸುಳ್ಳಲ್ಲ. ಕಡ್ಡಿ ಕಚ್ಚಿದ್ದು ನಾನು, ಜೊಲ್ಲು ಸುರಿಸಿದ್ದು ನಾನು. ಅಲ್ಲಿ ಅವನು ಇರಲೇ ಇಲ್ಲ ಎಂದ ಮೇಲೆ ಅಷ್ಟನ್ನೂ ನಾನೇ ಮಾಡಿದ್ದು ತಾನೇ. ಹಾಗೆ ಅನಿಸಿದ್ದರಿಂದ ಸಂತೋಷವೇನೂ ಆಗಲಿಲ್ಲ. ಅಳು ಬಂತು.

ಹಿಂದಕ್ಕೆ ಹೋಗಿ ಆ ಕವಳವನ್ನು ಕೆರಿಯಪ್ಪನ ತೊಡೆಯ ಮೇಲೆ ಇಟ್ಟೆ. "ತಗೋ. ಕದ್ದು ತಿನ್ನೋದು ಬೇಡ ಇನ್ನು. ನನ್ನ ಎದುರಿಗೇ ತಿನ್ನು," ಅಂದೆ. ಅವನು ಅದನ್ನು ಮುಟ್ಟಲೂ ಇಲ್ಲ, ಬಿಸಾಡಲೂ ಇಲ್ಲ. ವಾಪಸ್ಸು ಬರುವಾಗ ಹೊಸನಗರದಲ್ಲಿ ಶಾರದಕ್ಕನನ್ನು ಕೇಳಿದೆ. ಅವಳು ಚಾ ಸೋಸುತ್ತ, "ಗೊತ್ತಿತ್ತಪ್ಪ. ನಿನ್ನ ಕಿವಿಗೆ ಹಾಕ್ಬೇಡ ಅಂತ ಕೈ ಮುಗಿದಿದ್ದ," ಅಂದಳು. ಇಡೀ ರೂಟಿಗೆ ಗೊತ್ತಿತ್ತು, ಬಸ್ಸು ಓಡಿಸುವವನೊಬ್ಬನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಸರೋಜಳ ಹತ್ತಿರ ಎಲ್ಲ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸದೆ, "ಅವ್ರೇ ಬಂದು ಹೇಳಿದ್ರು ನನ್ನ ಹತ್ರ. ನಂಗೆ ಬಿಡೋಕಾಗಲ್ಲ ತಂಗಿ, ಅವನಿಗೆ ಮಾತ್ರ ಹೇಳ್ಬೇಡ ಅಂದ್ರು," ಅಂದಳು.

"ಯಾವಾಗ?"

"ಸಂಚಿ ಎಸೆದ ವಾರದಲ್ಲೇ."

ಕೆರಿಯಪ್ಪನದಕ್ಕಿಂತ ಇದು ಆಳಕ್ಕೆ ಹೋಯಿತು. ದಿನಾ ಒಂದೇ ಚಾಪೆಯ ಮೇಲೆ ಮಲಗುವವಳು. "ಇಬ್ಬರೂ ಸೇರಿ ನನ್ನನ್ನ ಮಂಗ ಮಾಡಿದ್ರಿ," ಅಂದೆ. "ಹೇಳಿದ್ರೆ ನೀವು ಬಿಡ್ತಿದ್ರಾ?" ಎಂದು ಕೇಳಿದಳು. "ಮಂಗ ಆದ್ರೆ ಆದ್ರಿ. ಬಾಯಿ ತೆರೆದು ಉಣ್ತಾ ಇದೀರಲ, ನಂಗೆ ಅಷ್ಟು ಸಾಕು," ಅಂದಳು. ಅವಳಿಗೆ ಸಾಕು. ನನಗೆ ಸಾಕಾಗಲಿಲ್ಲ. ಎಷ್ಟೋ ದಿನ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಬಸ್ಸಿನಲ್ಲಿ ಎರಡು ಪೆಟ್ಟು ಕೇಳಿದರೆ ಹೊರಡುವುದು, ಒಂದು ಪೆಟ್ಟಿಗೆ ನಿಲ್ಲಿಸುವುದು, ಅಷ್ಟೇ. ಎಡಗೈಯನ್ನು ಹಿಂದಕ್ಕೆ ಚಾಚುವುದನ್ನು ಪೂರ್ತಿ ಬಿಟ್ಟೆ.

ಮಾತು ಮತ್ತೆ ಶುರುವಾದದ್ದು ಶಾರದಕ್ಕನಿಂದ. ಒಂದು ದಿನ ಅವಳು ನನ್ನನ್ನು ಒಳಗೆ ಕರೆದು, "ಕೆರಿಯಪ್ಪ ಈಗೀಗ ಚಟ್ನಿ ಬೇಡ ಅಂತಾನೆ, ಮೊಸರು ಕೇಳ್ತಾನೆ," ಅಂದಳು. ಹೊರಗೆ ಬಂದು ನೋಡಿದೆ. ಬನ್ಸನ್ನು ಚೂರು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನನಗಿದ್ದ ಸಿಟ್ಟೆಲ್ಲ ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಹೆದರಿಕೆಯೂ ಬಂದು ಕೂತಿತು.

ಮಾರನೆಯ ರಜೆಯಲ್ಲಿ ಅವನನ್ನು ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅದೇ ಬೆಂಚು, ಅದೇ ನಗುವ ಹಲ್ಲು. ಅವನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ಚೂರು ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಅವನು ಊಟ ಮಾಡಿದನೋ ಇಲ್ಲವೋ, ನಾನು ಸರಿಯಾಗಿ ಮಾಡಲಿಲ್ಲ. ಕೆಟ್ಟದ್ದು ಬರಲಿಲ್ಲ. "ಇನ್ನೂ ಟೈಮ್ ಇದೆ. ಈಗ್ಲೇ ಬಿಡ್ಬೇಕು. ಮನಸ್ಸು ಮಾಡಿ," ಎಂದು ಡಾಕ್ಟರಮ್ಮ ಹೇಳಿದರು. ನಾನು ಕೆರಿಯಪ್ಪನನ್ನು ನೋಡಿದೆ, ಅವನು ಗೋಡೆಯ ಹಲ್ಲನ್ನು ನೋಡುತ್ತಿದ್ದ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದೆ, "ಬಿಡ್ತೀಯಾ?"

ಅವನು ಬಹಳ ಹೊತ್ತು ಬಾರು ಸರಿಮಾಡಿದ. "ನಂಗೆ ಆಗಲ್ಲ ಪರಶು. ಅವತ್ತೂ ಆಗ್ಲಿಲ್ಲ. ನೋಡಿದೆ ಮಾರಾಯ, ಎರಡು ದಿನ ಬಿಟ್ಟು ನೋಡಿದೆ, ಆಗ್ಲಿಲ್ಲ. ನಿಂಗೆ ಸುಳ್ಳು ಹೇಳೋಕೆ ನಾನಿದ್ದೆ. ನಂಗೆ ಯಾರಿದಾರೆ?"

ನಾನು ಅವನಿಗೆ ಹೇಳಬಹುದಾದ ಸುಳ್ಳು ಯಾವುದೂ ಇರಲಿಲ್ಲ. ನಾನು ನಿಜವಾಗಿ ಬಿಟ್ಟಿದ್ದೆನಲ್ಲ. ಜೊತೆಗೇ ಬಿಡೋಣ ಎನ್ನುವ ಮಾತನ್ನು ಅವನು ಖರ್ಚು ಮಾಡಿಯಾಗಿತ್ತು, ನನಗೆ ಉಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಚೌಡಮ್ಮನ ಹತ್ತಿರ ಬಸ್ಸು ನಿಲ್ಲಿಸಿ, "ಇಳಿ," ಅಂದೆ. ಕಲ್ಲಿನ ಮುಂದೆ ಅವನು ಕಣ್ಣು ಮುಚ್ಚಿ ನಿಂತ. ಈ ಸಲ ನಾನು ಕಣ್ಣು ಮುಚ್ಚಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತೆ. ತುಟಿ ಸ್ವಲ್ಪ ಅಲ್ಲಾಡಿತು. ಏನು ಹೇಳಿಕೊಂಡ ಎಂದು ಕೇಳಲಿಲ್ಲ. ವಾಪಸ್ಸು ಬಂದವನನ್ನು ಹಿಂದಿನ ಬಾಗಿಲಿಗೆ ಬಿಡದೆ ನನ್ನ ಹಿಂದಿನ ಸೀಟು ತೋರಿಸಿದೆ. ಈಗ ಅಲ್ಲೇ ಕೂರುತ್ತಾನೆ. ಹೊಸನಗರದಲ್ಲಿ ತಿಂಡಿ ಮುಗಿಸಿ ಬಸ್ಸು ಹೊರಟ ಮೇಲೆ, ನನ್ನ ಎಡಗೈ ಡಬ್ಬಿಯಿಂದ ನೆಲ್ಲಿಚೂರು ತೆಗೆದು ಹಿಂದಕ್ಕೆ ಹೋಗುತ್ತದೆ. ಅವನು ತೆಗೆದುಕೊಳ್ಳುತ್ತಾನೆ. ಕಡ್ಡಿಗಳ ಕಟ್ಟನ್ನೂ ಅವನಿಗೇ ಕೊಟ್ಟಿದ್ದೇನೆ.

ಬಿಟ್ಟಿದ್ದೇನೆ ಅನ್ನುತ್ತಾನೆ. ಟಿಕೆಟ್ ಹರಿಯಲು ಹಿಂದೆ ಹೋದಾಗ ಏನು ಮಾಡುತ್ತಾನೋ ನನಗೆ ಕಾಣುವುದಿಲ್ಲ. ನಂಬಬೇಕು ಎಂದು ಬಹಳ ಆಸೆ ಇದೆ, ನಂಬಿಕೆ ಬರುವುದಿಲ್ಲ. ಅವನಿಗೆ ಬಾಯಿ ತೆರಿ ಎಂದು ಹೇಳಿ ದಿನಾ ಪರೀಕ್ಷೆ ಮಾಡಲು ನಾನು ಪೊಲೀಸನೂ ಅಲ್ಲ, ಡಾಕ್ಟರನೂ ಅಲ್ಲ. ಅದಕ್ಕೆ ಬೆಳಿಗ್ಗೆ ಅವನು ಏಳುವ ಮೊದಲೇ ಸ್ಟ್ಯಾಂಡಿಗೆ ಹೋಗಿ ಹಿಂದಿನ ಬಾಗಿಲ ಕೆಳಗೆ ನೋಡುತ್ತೇನೆ. ಕೆಲವು ದಿನ ಕೆಂಪು ಗೆರೆ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಇದ್ದ ದಿನ ಪ್ಯಾಸೆಂಜರುಗಳದ್ದು ಎಂದುಕೊಳ್ಳುತ್ತೇನೆ, ಇಲ್ಲದ ದಿನ ಅವನು ಬಿಟ್ಟದ್ದರಿಂದಲೇ ಇಲ್ಲ ಎಂದುಕೊಳ್ಳುತ್ತೇನೆ. ಅವನ ಹತ್ತಿರ ಏನೂ ಕೇಳುವುದಿಲ್ಲ. ಬಕೆಟ್ ತುಂಬಿಕೊಂಡು ಬರುತ್ತೇನೆ. ಈಗ ಬಸ್ಸನ್ನು ನಾನೇ ತೊಳೆಯುತ್ತೇನೆ.